ಎಲೆಯ ಅಂಟು

"ಕಿತ್ತು ಬಿಸಾಕೋದೇ ಅಂತೀರಾ ಸಾರ್?"

ಅಧ್ಯಾಪಕ ಬೇಡವೆಂದು ತಲೆಯಾಡಿಸಿದ. ಮೊಣಕಾಲೂರಿ ಕೂತು, ಆರ್ಕಿಡ್‌ನ ಎಲೆಯೊಂದನ್ನು ಅಂಗೈ ಮೇಲೆ ಮಲಗಿಸಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದ. ಮಸಿಯಂಥ ಬೂಷ್ಟು ಬಟ್ಟೆಗೆ ಬಂತು. ಕೆಳಗೆ ಎಲೆ ಬಿಳಿಚಿಕೊಂಡಿತ್ತು, ಬ್ಯಾಂಡೇಜು ಬಿಚ್ಚಿದ ಚರ್ಮದ ಹಾಗೆ.

ಎದುರಿಗೆ ಬೋಗುಣಿ ಹಿಡಿದು ಕೂತಿದ್ದವನು ಕನ್ನಡಕದ ಅಂಗಡಿಯವನು. ಅಧ್ಯಾಪಕನನ್ನು ಬಿಟ್ಟುಹೋದ ಹೆಂಡತಿಯ ಈಗಿನ ಗಂಡ. ಬೆಳಿಗ್ಗೆ ಕಾಲೇಜಿಗೆ ಫೋನ್ ಮಾಡಿದ್ದ. "ತಪ್ಪು ತಿಳೀಬೇಡಿ ಸಾರ್. ನೀವು ಸಸ್ಯಶಾಸ್ತ್ರದ ಮೇಷ್ಟ್ರು ಅಂತ... ಗಿಡ ಕಪ್ಪಾಗಿಹೋಗಿದೆ. ಅದು ಅಂದ್ರೆ ಅವಳಿಗೆ ಜೀವ." ಅವಳೊಂದಿಗಿನ ತನ್ನ ಮದುವೆಯ ಮೊದಲ ವರ್ಷ ಆ ಗಿಡ ತಂದವನು ಅಧ್ಯಾಪಕನೇ. ಜೀವ ಎಂಬ ಒಂದು ಮಾತಿಗೆ ಎರಡು ತರಗತಿ ತಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಬಂದಾಗ ಅವಳು ಮನೆಯಲ್ಲಿರಲಿಲ್ಲ.

"ಬೂಷ್ಟು ಆಮೇಲಿನದು." ಪಾಠದ ದನಿ ತಾನಾಗಿಯೇ ಬಂತು. "ಎಲೆ ಕೆಳಗೆ ಹುರುಪೆ ಥರ ಕಾಣ್ತಿದೆಯಲ್ಲ, ಅದು ಹುಳ. ಸ್ಪಿರಿಟ್ ಅದ್ದಿದ ಹತ್ತೀಲಿ ಒಂದೊಂದನ್ನೇ ತೆಗೀಬೇಕು. ಹುಳ ಇರೋವರೆಗೂ ಅಂಟು, ಅಂಟಿರೋವರೆಗೂ ಬೂಷ್ಟು."

"ಅಂಟಾ? ಅದು ಜೇನಲ್ವಾ?" ಕನ್ನಡಕದವನು ನಾಚಿಕೊಂಡು ನಕ್ಕ. "ಹೂವಿನ ಜೇನು ಎಲೆಗಿಳಿಯುತ್ತೆ ಅಂತ ಅವಳೇ ಹೇಳಿದ್ದು. ಹೊಸದರಲ್ಲಿ ಒಂದು ದಿನ ನನ್ನ ನಾಲಿಗೆಗೂ ಹಚ್ಚಿದ್ಲು. ಎಷ್ಟು ಸಿಹಿ ಸಾರ್!"

ಎಲೆ ಒರೆಸುತ್ತಿದ್ದ ಅಧ್ಯಾಪಕನ ಕೈ ನಿಂತಿತು.

ಮದುವೆಯ ಹೊಸತರಲ್ಲಿ ಅವನೂ ಅವಳೂ ಇದ್ದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಬಿಸಿಲು ಬೀಳುತ್ತಿದ್ದದ್ದು ಅಡುಗೆಕಟ್ಟೆಯ ಕಿಟಕಿಯಲ್ಲಿ ಮಾತ್ರ. ಹಾಗಾಗಿ ಗಿಡವೂ ಅಲ್ಲೇ, ಅವರಿಬ್ಬರ ಸ್ಟೂಲುಗಳೂ ಅಲ್ಲೇ. ಎಂಥ ಬಿಸಿಲು ಅದು! ಸೌಟು ಹಿಡಿದೇ ಏನೋ ಗುನುಗುತ್ತ ಅವಳು ಎಲೆ ಸವರಿ, ಬೆರಳನ್ನು ಅವನ ತುಟಿಗೆ ತಂದಿದ್ದಳು. "ಬಾಯಿ ತೆಗಿ. ಜೇನು."

"ಜೇನಲ್ಲ. ಹುಳ ವಿಸರ್ಜಿಸಿದ್ದು," ಎಂದಿದ್ದ ಅವನು.

ತಪ್ಪೇನೂ ಹೇಳಿರಲಿಲ್ಲ; ಪುಸ್ತಕದಲ್ಲೂ ಹಾಗೇ ಇದೆ. ಅವಳು ಬೆರಳನ್ನು ಮಸಿಬಟ್ಟೆಗೆ ಒರೆಸಿಕೊಂಡು ಒಲೆಯತ್ತ ತಿರುಗಿದ್ದಳು. ಗುನುಗು ಅಲ್ಲಿಗೆ ನಿಂತಿತ್ತು.

"ಜೇನೇ ಅಲ್ವಾ ಸಾರ್?" ಕನ್ನಡಕದವನು ಮತ್ತೆ ಕೇಳಿದ.

"ಹೌದು," ಅಂದ. "ಜೇನೇ."

ಅಷ್ಟರಲ್ಲಿ ಅವಳು ಬಂದಳು. ಕೈಚೀಲ ಇಳಿಸಲಿಲ್ಲ. ಗಿಡ ನೋಡಿದಳು, ಆಮೇಲೆ ಅವನನ್ನು.

"ಚೆನ್ನಾಗಿದ್ದೀರಾ?"

ಬಹುವಚನ. "ಇದ್ದೀನಿ," ಎಂದ.

ಕನ್ನಡಕದವನು ಕಪ್ಪು ನೀರು ಚೆಲ್ಲಲು ಬಚ್ಚಲಿಗೆ ಹೋದ. ಅವಳು ಹತ್ತಿರ ಬಂದಳು.

"ಹೇಳ್ಬಿಟ್ಯಾ?"

"ಏನನ್ನ?"

"ಗೊತ್ತಿಲ್ವಾ ನಿಂಗೆ?"

"ಹೇಳ್ಲಿಲ್ಲ. ಜೇನು ಅಂದೆ."

ಅವಳು ಉಸಿರು ಬಿಟ್ಟಳು. ಏಳು ವರ್ಷದ ಸಂಸಾರದಲ್ಲಿ ಅವನ ಯಾವ ನಿಜಕ್ಕೂ ಅವಳ ಮುಖ ಹೀಗೆ ತಿಳಿಯಾಗಿರಲಿಲ್ಲ. ಒಳಗೆ ನಲ್ಲಿಯ ಸದ್ದು ನಿಂತಿತು.

"ಕಾಫಿ ಕುಡೀತೀರಾ?"

"ಬೇಡ. ಬಸ್ಸಿಗೆ ಹೊತ್ತಾಯ್ತು."

ಉಳಿಯದ ಎರಡು ಎಲೆಗಳನ್ನು ಕತ್ತರಿಸಿ ಪೇಪರಿನಲ್ಲಿ ಸುತ್ತಿದ. ಇಲ್ಲೇ ಎಸೆದರೆ ಬೇರೆ ಗಿಡಕ್ಕೆ ಹತ್ತೀತು, ನಾನೇ ಒಯ್ಯುತ್ತೇನೆ ಎಂದ. ಕನ್ನಡಕದವನು ಬಾಗಿಲವರೆಗೂ ಬಂದು ಎರಡೂ ಕೈ ಹಿಡಿದುಕೊಂಡ. ಅವಳು ಬರಲಿಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ನರ್ಸು ತನ್ನ ಬಿಳಿಯ ಕೋಟನ್ನು ಅವನ ಕೈಲಿದ್ದ, ಎಲೆಗಳ ಮಸಿ ಹತ್ತಿದ ಪೊಟ್ಟಣದಿಂದ ದೂರಕ್ಕೆ ಎಳೆದುಕೊಂಡಳು. ಕಾಲೇಜಿನ ಸ್ಟಾಪು ಬಂತು, ಹೋಯಿತು. ಮನೆಯದೂ ಹೋಯಿತು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಡ್ರೈವರು ಇಂಜಿನ್ ಆರಿಸಿ ಹಿಂದೆ ತಿರುಗಿ ನೋಡಿದ.

ಅವನು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆ ಹೋದ ಮಗುವನ್ನು ಎಬ್ಬಿಸಬಾರದೆಂಬಂತೆ, ಅಲುಗಾಡದೆ ಕೂತಿದ್ದ.