ಮಾಡಿದವರಿಲ್ಲದ ತಪ್ಪು

"ರಾಜಿ ಅಲ್ಲರಿ" ಎಂದು ಆ ತಿಂಗಳು ಹೇಳಿ ಹೇಳಿ ನನ್ನ ಗಂಟಲು ಕಟ್ಟಿಹೋಗಿತ್ತು. ಭಾಲ್ಕಿಯಲ್ಲಿ ಹೇಳಿದೆ, ಔರಾದಿನಲ್ಲಿ ಹೇಳಿದೆ, ಫೋನಿನಲ್ಲಿ ಹೇಳಿದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಆಮೇಲೆ ಕೇಳುತ್ತಿದ್ದರು: "ಹಂಗಾದ್ರ ಮೇಡಂ, ರಾಜಿ ಯಾವತ್ತ ಇಟ್ಕೋಳೋಣ್ರಿ?"

ನಾನು ಪರ್ಲ. ಬೀದರಿನ ಚಿದ್ರಿಯಲ್ಲಿರುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ನೌಕರಿಯ ಆಸೆಗೆ ಬಿದ್ದು ಮಾರಾಟವಾಗಿ, ಹೇಗೋ ಬಚಾವಾಗಿ ಬಂದ ಹೆಣ್ಣುಮಕ್ಕಳ ಜೊತೆ ಆಸ್ಪತ್ರೆಗೆ, ಕೋರ್ಟಿಗೆ ಅಲೆಯುವುದು ನನ್ನ ಪಾಲಿನದು. ನಮ್ಮ ಮುಖ್ಯಸ್ಥರು ಸುಂದರರಾಜ ಸರ್. ಅವರು ಬೆಂಗಳೂರಿಗೆ ತರಬೇತಿಗೆ ಹೋದವರು 'ಪುನಃಸ್ಥಾಪನಾ ನ್ಯಾಯ' ಎಂಬ ಶಬ್ದ ಹೊತ್ತು ತಂದರು. ಅನ್ಯಾಯ ಮಾಡಿದವರು ಅನ್ಯಾಯಕ್ಕೊಳಗಾದವರ ಎದುರು ಕೂತು ಮಾಡಿದ್ದನ್ನು ಒಪ್ಪಿಕೊಳ್ಳಬೇಕು, ಕೈಲಾದಷ್ಟು ಸರಿಪಡಿಸಬೇಕು. ನೊಂದವಳು ಬಯಸಿದರೆ ಮಾತ್ರ ಸಭೆ. ಅವಳು ಸಾಕೆಂದರೆ ಅಲ್ಲಿಗೇ ಸಾಕು. ಕೋರ್ಟಿನ ಕೇಸು ಅದರ ಪಾಡಿಗೆ ಅದು. ಒಳ್ಳೆಯ ವಿಚಾರವೇ, ನಾನು ಬೇಡ ಅನ್ನಲಿಲ್ಲ. ಆದರೆ ಆ ಉದ್ದನೆಯ ಶಬ್ದವನ್ನು ಭಾಲ್ಕಿಯ ಓಣಿಯಲ್ಲಿ ನಿಂತು ಉಚ್ಚರಿಸಬೇಕಾದವಳು ನಾನು, ಸರ್ ಅಲ್ಲ.

ಕರುಣಾ ಭಾಲ್ಕಿಯ ಹುಡುಗಿ. ಪಿಯುಸಿ ಮುಗಿಸಿ ಮನೆಯಲ್ಲಿದ್ದಾಗ ಔರಾದಿನಲ್ಲಿರುವ ಸೋದರತ್ತೆ ಕೌಸಲ್ಯಾಬಾಯಿ ಬಂದು, ಪುಣೆಯ ಆಸ್ಪತ್ರೆಯಲ್ಲಿ ನೌಕರಿ ಇದೆ ಎಂದಳು. ಮನೆಯಲ್ಲಿ ಈಗಲೇ ಹೇಳಬೇಡ, ಮೊದಲ ಪಗಾರ ಅವ್ವನ ಕೈಗಿಟ್ಟು ಹೇಳು ಎಂದು ಪುಸಲಾಯಿಸಿ, ಭಾಲ್ಕಿ ಸ್ಟೇಶನ್ನಿನಲ್ಲಿ ಯಾರೋ ಒಬ್ಬ ಹೆಂಗಸಿನ ಜೊತೆ ರೈಲು ಹತ್ತಿಸಿದಳು. ಪುಣೆಯಲ್ಲಿ ಆಸ್ಪತ್ರೆ ಇರಲಿಲ್ಲ. ಒಂದು ಮನೆಯಲ್ಲಿ ಬೀಗ ಹಾಕಿ ಇಟ್ಟು, ಹೊಡೆದು, ಎರಡು ವರ್ಷ ದುಡಿಸಿಕೊಂಡರು. ಇತ್ತ ಕೌಸಲ್ಯಾಬಾಯಿ ಕರುಣಾಳ ತಾಯಿ ಮಹಾಮಾಯಾಳಿಗೆ, "ನಿನ್ನ ಮಗಳು ಯಾವನ ಜೋಡಿನೋ ಓಡಿ ಹೋಗ್ಯಾಳ" ಎಂದು ಹೇಳಿ ಕಣ್ಣೊರೆಸಿಕೊಂಡು ಹೋದಳು.

ಪೊಲೀಸರು ಬಿಡಿಸಿ ತಂದ ಮೇಲೂ ಓಣಿಯ ಬಾಯಲ್ಲಿ ಅದೇ ಮಾತು. ಕೇಸಾಗಿ, ಜಾಮೀನಿನ ಮೇಲೆ ಹೊರಬಂದ ಅತ್ತೆ, "ಓಡಿಹೋಗಿದ್ದು ಮುಚ್ಚಲಿಕ್ಕೆ ನನ್ನ ಹೆಸರು ಹೇಳ್ಯಾಳ" ಎಂದು ಸಾರಿಕೊಂಡು ತಿರುಗಿದಳು. ಕರುಣಾ ಮನೆಗೆ ಹೋಗಲೇ ಇಲ್ಲ. ಬೀದರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕಲಿಯುತ್ತಿದ್ದಾಳೆ. ತಾಯಿ ಆಗೀಗ ಬಂದು, ಎದುರಿಗೆ ತಲೆ ತಗ್ಗಿಸಿ ಕೂತು, ಉಂಡಿಯಾ ಎಂದು ಕೇಳಿ ಎದ್ದು ಹೋಗುತ್ತಿದ್ದಳು.

ಇಂಥ ಸಭೆ ಮಾಡಬಹುದು, ನಿನಗೆ ಬೇಕಿದ್ದರೆ ಮಾತ್ರ ಎಂದಾಗ ಕರುಣಾ ವಾರಗಟ್ಟಲೆ ಯೋಚಿಸಿದಳು. "ಅತ್ತಿ ಒಂದು ಮಾತ ಅನ್ಬೇಕ್ರಿ ಮೇಡಂ, ಅವ್ವನ ಎದುರಿಗಿ. 'ಅಕಿ ಓಡಿ ಹೋಗಿಲ್ಲ, ನಾ ಕಳಿಸೀನಿ' ಅಂತ. ಬ್ಯಾರೆ ಏನೂ ಬ್ಯಾಡ್ರಿ."

"ಮಾಫಿ ಕೇಳೋದು?"

"ಮಾಫಿ ತಗೊಂಡು ನಾ ಏನ್ ಮಾಡ್ಲಿರಿ? ಅವ್ವ ತಲಿ ಎತ್ತಿ ನನ್ನ ಮಾರಿ ನೋಡ್ಬೇಕು."

ಹುಡುಗಿ ಕೇಳಿದ್ದು ಇಷ್ಟೇ. ಇದಕ್ಕಾಗಿ ನಾನು ಭಾಲ್ಕಿ, ಔರಾದಿನ ಬಸ್ಸುಗಳಲ್ಲಿ ನಿಂತು ನಿಂತು ಸೊಂಟ ಕಳೆದುಕೊಂಡೆ. ಎಲ್ಲಿ ಸುಳ್ಳು ಹೇಳಿದರೋ ಸಭೆ ಅಲ್ಲೇ ಆಗಲಿ ಎಂದು ಕರುಣಾ ಹಟ ಹಿಡಿದಿದ್ದರಿಂದ, ಒಂದು ಭಾನುವಾರ ಮಧ್ಯಾಹ್ನ ಮಹಾಮಾಯಾಳ ಮನೆಯಲ್ಲೇ ಸೇರಿದೆವು.

ಸರ್ ಹೇಳಿಕೊಟ್ಟಂತೆ ಕುರ್ಚಿಗಳನ್ನು ದುಂಡಗೆ ಇಟ್ಟೆ, ಎಲ್ಲರೂ ಸಮಾನರು ಎಂಬ ಅರ್ಥದಲ್ಲಿ. ಎರಡೂ ಕಡೆಗೆ ಬೇಕಾದ ಹಿರಿಯ ಎಂದು ಧಮ್ಮಪಾಲ ಕಾಕಾ ಬಂದಿದ್ದರು. ಬಂದವರೇ ತಮ್ಮ ಕುರ್ಚಿಯನ್ನು ಎಳೆದು ನಟ್ಟನಡುವೆ ಹಾಕಿಕೊಂಡು ಕೂತರು. ನಾನು ಅದನ್ನು ಹಿಂದಕ್ಕೆ ಎಳೆಸಿದೆ. ಬೆನ್ನು ತಿರುಗಿಸುವುದರೊಳಗೆ ಅದು ಮತ್ತೆ ನಡುವೆ ಬಂತು. ಕೌಸಲ್ಯಾಬಾಯಿ ಹೋಳಿಗೆ ಡಬ್ಬಿ, ಹೊಸ ಸೀರೆ ಹಿಡಿದುಕೊಂಡು ಮದುವೆಗೆ ಬಂದಂತೆ ಬಂದಳು. ಅವೆರಡನ್ನೂ ಹೊರಗಿಡಿಸಿದೆ. ಮಹಾಮಾಯಾಗೆ ಕುರ್ಚಿ ತೋರಿಸಿದರೆ, "ಇಲ್ಲೇ ಇರ್ತೇನ್ರಿ" ಎಂದು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕೂತುಬಿಟ್ಟಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ನಿಯಮಗಳನ್ನು ಹೇಳಿ, "ಕೌಸಲ್ಯಾಬಾಯಿ, ಏನು ನಡೀತು ಅಂತ ನೀವು ಹೇಳ್ರಿ" ಎಂದೆ.

ಆಕೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. "ತಪ್ಪಾಯ್ತವ್ವ, ಕರುಣಾ."

"ಮುಗೀತು!" ಎಂದು ಧಮ್ಮಪಾಲ ಕಾಕಾ ತೊಡೆ ತಟ್ಟಿದರು. "ದೊಡ್ಡಾಕಿ ಬಾಯಿ ಬಿಟ್ಟು ಅಂದಾಳ. ಚಾ ಮಾಡ್ರಿ ಇನ್ನ."

ಕರುಣಾ ಅಲ್ಲಾಡಲಿಲ್ಲ. "ಯಾರಿಂದ ಆಯ್ತು, ಅತ್ತಿ?"

"ಏನು?"

"ತಪ್ಪು. ತನ್ನಷ್ಟಕ್ಕ ತಾನೇ ಆಯ್ತೇನು, ಮಳಿ ಬಂದಂಗ?"

ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆ. ನನಗೆ ಇದು ಆ ಕ್ಷಣದವರೆಗೂ ಹೊಳೆದಿರಲಿಲ್ಲ. ಹಾಲು ಉಕ್ಕಿತು, ಕಪ್ಪು ಒಡೆಯಿತು, ತಪ್ಪಾಯಿತು. ಮಾಡಿದವರು ಯಾರೂ ಇಲ್ಲ, ತಪ್ಪು ಮಾತ್ರ ಆಗಿಹೋಗಿದೆ. ಎಷ್ಟು ಅನುಕೂಲದ ಶಬ್ದವಪ್ಪ!

"ಆಯ್ತು, ನಮ್ಮಿಂದ ತಪ್ಪಾಯ್ತು" ಎಂದಳು ಕೌಸಲ್ಯಾಬಾಯಿ.

"ನಮ್ಮಿಂದ ಅಂದ್ರ? ಅದರಾಗ ನನ್ನೂ ಸೇರಿಸ್ಕೊಂಡಿಯೇನು?"

"ನಸೀಬ ಹಂಗಿತ್ತು."

"ನಸೀಬ ಬಂದು ನನ್ನ ಸ್ಟೇಶನ್ನಿಗಿ ಕರ್ಕೊಂಡು ಹೋಗಿರ್ಲಿಲ್ಲ."

ಧಮ್ಮಪಾಲ ಕಾಕಾ ಗಂಟಲು ಸರಿಪಡಿಸಿಕೊಂಡರು. "ಮಾತಿಗಿ ಮಾತು ಯಾಕ ತಂಗಿ? ಆಯ್ತು ಅಂದ್ರೂ ಒಂದೇ, ಮಾಡೀನಿ ಅಂದ್ರೂ ಒಂದೇ."

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಡೆಸಿಕೊಡುವವರು ಯಾರ ಪಕ್ಷವನ್ನೂ ವಹಿಸಬಾರದಂತೆ. ಆದರೆ ಸಿಟ್ಟು ನೆತ್ತಿಗೇರಿತ್ತು. "ಒಂದೇ ಇದ್ರ ಮಾಡೀನಿ ಅಂತ ಅನ್ಲಿ ಮತ್ತ, ಕಾಕಾ!"

ಕೌಸಲ್ಯಾಬಾಯಿ ಸೆರಗು ಇಳಿಸಿದಳು. ಕಣ್ಣು ಒಣಗಿಯೇ ಇದ್ದವು. "ಅಂದ್ರ ಕೇಸು ವಾಪಸ್ ತಗೋತೀರೇನ್ರಿ?"

"ಕೇಸು ಬ್ಯಾರೆ, ಇದು ಬ್ಯಾರೆ ಅಂತ ನಿಮ್ಮ ಮನಿಗಿ ಬಂದು ಹೇಳೀನಲ್ಲರಿ."

"ಹಂಗಾದ್ರ ನಾ ಯಾಕ ಅನ್ಲಿ? ಅಕಿ ಹೋಗಿದ್ದು ಖರೆ ಅದ ಇಲ್ಲ? ನಾ ಏನು ಹೊತ್ಕೊಂಡು ಹೋಗೀನೇನು? ತನ್ನ ಕಾಲಿಂದ ತಾನೇ ರೈಲು ಹತ್ಯಾಳ."

ಕರುಣಾಳ ಮುಖ ಬಿಳಿಚಿಕೊಂಡಿತು. ಸತ್ಯ ಹೇಳಿಸುತ್ತೇನೆಂದು ಕರೆತಂದು ಅದೇ ಸುಳ್ಳನ್ನು ಅವಳ ಮುಖದ ಮೇಲೆ ಇನ್ನೊಮ್ಮೆ ಹೇಳಿಸಿದ್ದೆ. ಅದೂ ಅವಳ ತಾಯಿಯ ಎದುರಿಗೆ. ಸಭೆ ನಿಲ್ಲಿಸೋಣವೇ ಎಂದು ಕೇಳಲು ಬಾಯಿ ತೆರೆದೆ.

"ನಾ ಹುಡುಕಲಿಲ್ಲ."

ಹೊಸ್ತಿಲ ಕಡೆಯಿಂದ ಬಂತು ಮಾತು. ಮಹಾಮಾಯಾ ಎದ್ದು ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಓಡಿ ಹೋಗ್ಯಾಳ ಅಂತ ಈಕಿ ಬಂದು ಹೇಳಿದಳು. ನೀ ಒಂದು ಜೋಡಿ ಬಟ್ಟಿ ಸುದ್ದಾ ಒಯ್ದಿದ್ದಿಲ್ಲ. ಇದೇನೋ ಬರೋಬ್ಬರಿ ಇಲ್ಲ ಅಂತ ನನಗ ಅವತ್ತೇ ತಿಳೀತು. ಓಡಿ ಹೋಗ್ಯಾಳ ಅಂದ್ರ ಮಂದಿ ಬೈತಾರ, ಬಾಗಲಾ ಹಾಕ್ಕೊಂಡು ಅತ್ತರಾಯ್ತು. ಯಾರೋ ಒಯ್ದಾರ ಅಂದ್ರ ನಾ ಹುಡುಕ್ಲಿಕ್ಕಿ ಹೋಗ್ಬೇಕಿತ್ತು. ಪೊಲೀಸರ ಕಡಿ ಹೋಗ್ಬೇಕಿತ್ತು. ನಾ ಹೆದರಿದೆ. ಅದಕ್ಕ ಈಕಿ ಹೇಳಿದ್ದು ನಂಬಿದೆ. ನಾ ನಂಬಿದೆ, ನಾ ಹುಡುಕಲಿಲ್ಲ, ಮಗಳೇ."

ನನಗೆ ಅವಳ ಮೇಲೆ ಸಿಟ್ಟು ಬಂತು, ಎಂಥ ತಾಯಿ ನೀನು ಅನ್ನಿಸಿತು. ಕಣ್ಣೂ ತುಂಬಿ ಬಂತು. ಅಷ್ಟು ಹೊತ್ತಿನಿಂದ ನಾವು ಹಿಂಡಿ ಹಿಂಡಿ ಕೇಳಿದರೂ ಸಿಗದ 'ನಾ' ಎಂಬ ಶಬ್ದವನ್ನು ಈ ಹೆಂಗಸು ತಾನಾಗಿ ತಂದು ನಡುವೆ ಇಟ್ಟಿದ್ದಳು.

ಕರುಣಾ ತಾಯಿಯನ್ನೇ ನೋಡುತ್ತಿದ್ದಳು. ಮಹಾಮಾಯಾ ಈ ಸಲ ತಲೆ ತಗ್ಗಿಸಲಿಲ್ಲ.

"ಕರುಣಾ, ಈಗ ನಿನಗ ಏನು ಬೇಕವ್ವ?" ಎಂದೆ.

"ಅತ್ತಿ ಹೋಗ್ಲಿರಿ. ಅಕಿನ್ನ ಕೋರ್ಟಿನ್ಯಾಗ ನೋಡ್ತೇನಿ. ನೀವೆಲ್ಲಾರೂ ಹೊರಗ ಹೋಗ್ರಿ. ಅವ್ವ ಇರಲಿ. ಅಕಿಗಿ ನಾ ಬೈಬೇಕು."

ಕೌಸಲ್ಯಾಬಾಯಿ ಡಬ್ಬಿ, ಸೀರೆ ಎತ್ತಿಕೊಂಡು ಗೊಣಗುತ್ತ ಔರಾದಿನ ಬಸ್ಸಿಗೆ ಹೊರಟಳು. ಧಮ್ಮಪಾಲ ಕಾಕಾ, ಚಹಾ ಕೂಡ ಸಿಗಲಿಲ್ಲವೆಂದು ಮುಖ ಊದಿಸಿಕೊಂಡು ಹೋದರು. ನಾನು ಕಟ್ಟೆಯ ಮೇಲೆ ಕೂತೆ.

ಒಳಗೆ ಕರುಣಾ ಬೈಯುತ್ತಿದ್ದಳು. ಎಂಥ ಬೈಗುಳ! ಎರಡು ವರ್ಷ ಬೀಗದ ಹಿಂದೆ ಬಾಯಿ ಕಟ್ಟಿಕೊಂಡಿದ್ದ ಹುಡುಗಿ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ರಾತ್ರಿ ನೀ ಹೆಂಗ ನಿದ್ದಿ ಮಾಡ್ತಿದ್ದಿ, ಹಬ್ಬದಾಗ ಯಾರಿಗಿ ಉಣ್ಣಾಕ ನೀಡ್ತಿದ್ದಿ, ನಾ ಅಲ್ಲಿ ದಿನಾ ಬಾಗಿಲ ನೋಡ್ತಿದ್ದೆ, ನಮ್ಮವ್ವ ಬರ್ತಾಳ ಅಂತ. ಪ್ರತಿಯೊಂದಕ್ಕೂ ಮಹಾಮಾಯಾ "ಹೂಂ" ಎನ್ನುತ್ತಿದ್ದಳು. ಸಮಜಾಯಿಷಿ ಒಂದನ್ನೂ ಕೊಡಲಿಲ್ಲ.

ಹಾಸ್ಟೆಲಿನ ಬಾಗಿಲು ಹಾಕುವ ಮೊದಲು ಬೀದರ ಮುಟ್ಟಬೇಕಿತ್ತು. ಸಂಕೋಚದಿಂದಲೇ ಬಾಗಿಲು ತಟ್ಟಿದೆ. ಕರುಣಾ ಮೂಗೊರೆಸಿಕೊಳ್ಳುತ್ತ ಹೊರಬಂದು ಚಪ್ಪಲಿ ಮೆಟ್ಟಿದಳು. ಹಿಂದೆಯೇ ಬಂದ ಮಹಾಮಾಯಾ ಬಾಗಿಲಲ್ಲಿ ನಿಂತು, ಅಂಜುತ್ತ ಕೇಳಿದಳು.

"ಬೈದು ಮುಗೀತೇನು, ಮಗಳೇ?"

"ಎಲ್ಲಿ ಮುಗೀತು?" ಎಂದಳು ಕರುಣಾ. "ಬರೋ ಐತವಾರ ಮತ್ತ ಬರ್ತೇನಿ."