ಮೂರು ಹಿಡಿ ಎಲೆ

ಜಗತ್ತಿನ ಚಹಾ ಎಲ್ಲವೂ ತಮ್ಮ ಫೆಂಗ್‌ಹುವಾಂಗ್ ಬೆಟ್ಟದಿಂದಲೇ ಇಳಿದು ಹೋದದ್ದು ಎಂಬ ವಿಷಯದಲ್ಲಿ ವೆನ್ ಯೊಂಗ್‌ಸೆಂಗ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಳಿಯುತ್ತ ಇಳಿಯುತ್ತ ಕೆಟ್ಟಿತು, ಅಷ್ಟೇ. ಹಾಂಗ್‌ಝೌನವರ ಹಸಿರು ಚಹಾ ಹುಲ್ಲು ತೊಳೆದ ನೀರು. ಯುನ್ನಾನಿನವರು ಎಲೆಯನ್ನು ಬೆರಣಿಯ ಹಾಗೆ ತಟ್ಟಿ, ವರ್ಷಗಟ್ಟಲೆ ಮೂಲೆಗೆ ಹಾಕಿ, ಮುಗ್ಗಲು ವಾಸನೆ ಬಂದ ಮೇಲೆ ಆಹಾ ಎನ್ನುತ್ತಾರೆ. ಇನ್ನು ಆನ್‌ಶಿಯವರು ಉಂಡೆ ಸುತ್ತಿ ಮಾಡುವ ಚಹಾ, ಅದರ ಮಾತೇ ಬೇಡ.

ಆದರೆ ಮಾತು ಬಂದೇ ಬಂತು. ಮಗಳು ಸುಯುನ್ ಮೆಚ್ಚಿದ ಹುಡುಗ ಆನ್‌ಶಿಯವನು. ಅವನ ಅಪ್ಪ ಲಿಯಾವ್ ಅವತ್ತು ಮಧ್ಯಾಹ್ನ ಮದುವೆ ಮಾತಾಡಲು ಬರುವವರಿದ್ದರು. ತಮ್ಮೂರಿನದು ಬಿಟ್ಟರೆ ಬೇರೆಯದು ಚಹಾವೇ ಅಲ್ಲ ಎನ್ನುವ ಆಸಾಮಿ ಅವರೂ.

"ಅಪ್ಪಾ, ನಿನ್ನ ದಮ್ಮಯ್ಯ, ಇವತ್ತೊಂದಿನ ಬಾಯಿ ಬಿಗಿ ಹಿಡ್ಕೋ. ಈ ಸಂಬಂಧ ತಪ್ಪಿದ್ರೆ ನಾನು ಮದ್ವೇನೇ ಆಗಲ್ಲ."

"ನಾನ್ಯಾಕಮ್ಮ ಮಾತಾಡ್ಲಿ? ಚಹಾನೇ ಮಾತಾಡುತ್ತೆ."

ವೆನ್ ಅಟ್ಟದ ಮೇಲಿಂದ ತವರದ ಡಬ್ಬಿ ಇಳಿಸಿದ. ಮುತ್ತಜ್ಜನ ಕಾಲದ ಚಹಾ ಮರ ಹೋದ ವರ್ಷ ಸಿಡಿಲಿಗೆ ಸತ್ತಿತ್ತು. ಅದರ ಕೊನೆಯ ಎಲೆ ಇದು, ಮೂರೇ ಹಿಡಿ. ಹಿಡಿಗೊಂದು ಪಾತ್ರೆಯಂತೆ ಮೂರು ಪಾತ್ರೆ ಚಹಾ. ಹಳಸಿದೆಯೋ ಏನೋ ಎಂಬ ದಿಗಿಲಿಗೆ ಒಂದು ಹಿಡಿ ಹಾಕಿ ಬಿಸಿನೀರು ಹೊಯ್ದ. ಅಲ್ಲೇ ಎಡವಿದ್ದು. ಆ ಊರಲ್ಲಿ ಸಾವಾದ ಮನೆ ಬಿಟ್ಟರೆ ಹಗಲು ಯಾರೂ ಬಾಗಿಲು ಮುಚ್ಚುವುದಿಲ್ಲ. ಘಮ ಸೀದಾ ಬೀದಿಗೆ ಹೋಯಿತು.

"ಏನ್ ವೆನ್ ಅಣ್ಣಾ, ಒಬ್ಬರೇ ಕೂತ್ಕೊಂಡು!" ಕ್ಷೌರದಂಗಡಿಯ ಡಿಂಗ್ ಒಳಗೇ ಬಂದು ಕೂತ.

ಹೊಸಬರು ಬಂದರೆ ಹೊಸ ಎಲೆ ಹಾಕಬೇಕು. ಹಳೆಯದಕ್ಕೇ ನೀರು ಹೊಯ್ದು ಕೊಟ್ಟರೆ ನಿನ್ನ ಮುಖಕ್ಕೆ ಇಷ್ಟು ಸಾಕು ಎಂದಂತೆ. ವೆನ್ ಹಲ್ಲು ಕಚ್ಚಿಕೊಂಡು ಪಾತ್ರೆ ಬರಿದು ಮಾಡಿ ಎರಡನೇ ಹಿಡಿ ಹಾಕಿದ. ಡಿಂಗ್ ಒಂದು ಗುಟುಕು ಕುಡಿದಿದ್ದನೋ ಇಲ್ಲವೋ, ಎದುರುಮನೆ ಜುವಾನ್ ಅತ್ತೆ ಕೋಲೂರಿಕೊಂಡು ಬಂದಳು.

"ನಂಗೋಸ್ಕರ ಎಲೆ ಬದಲಾಯಿಸ್ಬೇಡಪ್ಪ," ಎಂದಳು ಪಾತ್ರೆಯಿಂದ ಕಣ್ಣು ಕೀಳದೆ.

ಮೂರನೆಯದೂ ಹೋಯಿತು. ಇಬ್ಬರೂ ಎಲೆ ಬಣ್ಣ ಬಿಡುವಷ್ಟು ಹೊತ್ತೂ ಕುಡಿದು, ಬಾಯಿ ಒರೆಸಿಕೊಂಡು ಹೊರಟರು. ಅವರು ಹೊಸಿಲು ದಾಟಿದ್ದೇ ತಡ, ಲಿಯಾವ್ ಬಂದರು.

ವೆನ್ ಡಬ್ಬಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಸುಯುನ್ ಮುಖ ಬಿಳುಚಿಕೊಂಡಿತು.

"ನಿಮಗೇಂತ ಇಟ್ಟಿದ್ದೆ," ವೆನ್‌ಗೆ ಅಳುವೇ ಬಂತು. "ಕ್ಷೌರದೋನು ಕುಡ್ಕೊಂಡು ಹೋದ."

ಲಿಯಾವ್ ಚೆಲ್ಲಿದ್ದ ಎಲೆಯನ್ನು ಬೆರಳಲ್ಲಿ ಎತ್ತಿ ಮೂಸಿದರು. ಬಹಳ ಹೊತ್ತು ಮೂಸಿದರು.

"ಇಂಥಾದ್ದನ್ನ ಅವನಿಗೆ ಹೊಸದಾಗಿ ಹಾಕ್ಕೊಟ್ರಾ?"

"ಮನೆಗೆ ಬಂದೋನಿಗೆ ಹಳೇದು ಹೇಗೆ ಕೊಡ್ಲಿ ಸ್ವಾಮಿ?"

ಲಿಯಾವ್ ಒಳಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. "ನಮ್ಮಪ್ಪ ನೆಟ್ಟ ಗಿಡದ್ದು. ಎರಡೇ ಹಿಡಿ ಇದೆ. ನಿಮ್ಮ ಬಾಯಿ ಮುಚ್ಚಿಸೋಣ ಅಂತಲೇ ತಂದಿದ್ದೆ."

ಉಂಡೆಯಾದ ಎಲೆ ಬಿಸಿನೀರಲ್ಲಿ ಬಿಚ್ಚಿಕೊಂಡಿತು. ಚೆನ್ನಾಗಿರದಿರಲಿ ಎಂದು ಬೇಡಿಕೊಳ್ಳುತ್ತಲೇ ವೆನ್ ಕುಡಿದ. ಹಾಳಾದ್ದು, ಚೆನ್ನಾಗಿತ್ತು. ಅವನ ಎರಡು ಬೆರಳು ಅವನನ್ನು ಕೇಳದೆ ಮೇಜು ತಟ್ಟಿ ಕೃತಜ್ಞತೆ ಹೇಳಿಬಿಟ್ಟವು. ಸುಯುನ್ ಉಸಿರು ಬಿಟ್ಟಳು.

ಅಷ್ಟರಲ್ಲಿ ಬೀದಿಯಿಂದ ಡಿಂಗ್‌ನ ದನಿ: "ವೆನ್ ಅಣ್ಣಾ! ಇದ್ಯಾವ್ದು ಹೊಸಾ ಘಮ? ಬಂದೆ ಇರಿ, ನಮ್ಮ ತಮ್ಮನ್ನೂ ಕರ್ಕೊಂಡು ಬರ್ತಿದ್ದೀನಿ!"

ಲಿಯಾವ್ ಉಳಿದ ಒಂದು ಹಿಡಿಯನ್ನು ಎದೆಗವುಚಿಕೊಂಡರು. ಆನ್‌ಶಿಯಲ್ಲೂ ಹೊಸಬರು ಬಂದರೆ ಹೊಸ ಎಲೆಯೇ.

"ಚಿಲಕ ಹಾಕಿ ಬೀಗರೇ, ಬೇಗ!"

ಅರವತ್ತೆರಡರ ವೆನ್ ಓಡಿದ. ಎಷ್ಟೋ ವರ್ಷಗಳ ಮೇಲೆ ಹಾಡಹಗಲಲ್ಲಿ ಆ ಮನೆಯ ಬಾಗಿಲು ದಢಾರನೆ ಮುಚ್ಚಿತು.

ಹೊರಗೆ ಬರುತ್ತಿದ್ದ ಹೆಜ್ಜೆಗಳು ಮುಚ್ಚಿದ ಬಾಗಿಲೆದುರು ನಿಂತವು. ಆಮೇಲೆ ಡಿಂಗ್ ಗೋಳೋ ಎಂದ: "ಅಯ್ಯೋ ವೆನ್ ಅಣ್ಣಾ! ಈಗಿನ್ನೂ ಚೆನ್ನಾಗೇ ಇದ್ರಲ್ಲಪ್ಪಾ, ಚಹಾ ಕೊಟ್ರಲ್ಲಪ್ಪಾ!"