ನಡುವೆ ಕೂತ ಸುಪ್ರೀತಾ

ಬಿಜೂರಿನ ಸುಪ್ರೀತಾ ನರ್ಸಿಂಗ್ ಮುಗಿಸಿದ್ದಳು. ಇಂಗ್ಲಿಷ್‌ನಲ್ಲೇ ಪರೀಕ್ಷೆ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದಳು. ಆದರೆ ಯಾರಾದರೂ ಎದುರು ಕೂತು ಇಂಗ್ಲಿಷ್‌ನಲ್ಲಿ ಮಾತಿಗೆಳೆದರೆ ನಾಲಿಗೆಯೇ ಏಳುತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆಯೊಂದರ ಸಂದರ್ಶನದಲ್ಲಿ ಹೆಸರು ಹೇಳಿದ್ದೇ ಕೊನೆ. ಮುಂದೆ ತಲೆ ತಗ್ಗಿಸಿ ಕೂತು ಎದ್ದು ಬಂದಿದ್ದಳು.

ಆಮೇಲೆ ಬೈಂದೂರಿನಲ್ಲಿ ಶ್ರೀಲತಾ ಟೀಚರ್ ನಡೆಸುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಟೀಚರ್ ಮುಂಬೈಯಲ್ಲಿ ಬೆಳೆದವರು, ಅಪ್ಪನ ಊರೆಂದು ಬಂದು ಇಲ್ಲಿ ನೆಲೆಸಿದ್ದರು, ಕನ್ನಡವೂ ಚೆನ್ನಾಗಿ ಬರುತ್ತಿತ್ತು. ಕ್ಲಾಸಿನಲ್ಲಿ ಉಳಿದವರೆಲ್ಲ ತಪ್ಪೋ ಸರಿಯೋ ಮಾತಾಡುತ್ತಿದ್ದರು. ಸುಪ್ರೀತಾ ಮಾತ್ರ ಮನಸ್ಸಿನಲ್ಲೇ ವಾಕ್ಯ ಕಟ್ಟಿ, ತಿದ್ದಿ, ಮತ್ತೆ ತಿದ್ದಿ ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಟೀಚರ್ ಒಮ್ಮೆಯೂ ಗದರಲಿಲ್ಲ. ಕ್ಲಾಸು ಬಿಟ್ಟ ಮೇಲೆ ಅವಳು ಫೋನಿನಲ್ಲಿ ಅಜ್ಜಿಯೊಂದಿಗೆ ಪಟಪಟನೆ ಮಾತಾಡುವುದನ್ನು ಮಾತ್ರ ಅವರು ಗಮನಿಸಿದ್ದರು.

ಒಂದು ಭಾನುವಾರ ಟೀಚರ್ ಅವಳ ಮನೆಗೇ ಬಂದರು. ಅಂಗಳದಲ್ಲೇ ಅವಳ ಕಿವಿಯ ಹತ್ತಿರ ಬಾಗಿ, ಇವತ್ತು ತನಗೆ ಕನ್ನಡ ಬರುವುದಿಲ್ಲ ಎಂದು ಇಂಗ್ಲಿಷ್‌ನಲ್ಲಿ ಹೇಳಿ ನಕ್ಕರು.

ಜಗಲಿಯಲ್ಲಿ ಕೂತಿದ್ದ ಗುಲಾಬಿ ಅಜ್ಜಿಗೆ ಇದೊಂದೂ ತಿಳಿಯಲಿಲ್ಲ.

“ಇವ್ರಿಗೆ ಕನ್ನಡ ಬತ್ತಿಲ್ಯಾ?”

“ಇಲ್ಲ ಅಜ್ಜಿ.”

“ಹಂಗಾರೆ ನೀನೇ ಕೇಣ್. ಮನೆ ಎಲ್ಲಿ? ಮದಿ ಆಯ್ತಾ?”

ಸುಪ್ರೀತಾಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಆದರೆ ಅಜ್ಜಿ ಬಿಡುವವರಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ. ಟೀಚರ್ ಒಂದಕ್ಕೆ ಎರಡರಷ್ಟು ಉತ್ತರ ಕೊಡುತ್ತಿದ್ದರು. “ಅವ್ರ್ ಎಂತ ಹೇಳ್ರ್?” ಎಂದು ಅಜ್ಜಿ ಅವಳ ಮೊಣಕಾಲಿಗೆ ತಟ್ಟಿದಾಗಲೆಲ್ಲ ಇತ್ತಲಿಂದ ಅತ್ತ, ಅತ್ತಲಿಂದ ಇತ್ತ ಮಾತು ದಾಟಿಸುವುದೇ ಅವಳ ಕೆಲಸವಾಯಿತು. ವಾಕ್ಯ ಕಟ್ಟಲು ಪುರುಸೊತ್ತೇ ಸಿಗಲಿಲ್ಲ.

ಮದುವೆಯ ಪ್ರಶ್ನೆಗೆ ಟೀಚರ್, ಮದುವೆಯಾಗಿ ಎರಡನೆಯ ವರ್ಷವೇ ಗಂಡ ತೀರಿಕೊಂಡರೆಂದೂ, ಈಗ ತಾನೊಬ್ಬಳೇ ಇರುವುದೆಂದೂ ಮೆಲ್ಲಗೆ ಇಂಗ್ಲಿಷ್‌ನಲ್ಲಿ ಹೇಳಿದರು. ಇದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಪ್ರೀತಾ ಅಜ್ಜಿಗೆ ಹೇಳುವಾಗ ಅವಳ ದನಿಯೇ ಸಣ್ಣದಾಯಿತು.

ಅಜ್ಜಿ ಟೀಚರ ಕೈ ಹಿಡಿದುಕೊಂಡರು. “ಒಬ್ರೇ ಕೂಕಂಡ್ ಉಂಬುಕೆ ಬೇಜಾರ್ ಆತ್ತಿಲ್ಯಾ ಕೇಣ್ ಹೆಣೆ,” ಎಂದು ಮೊಮ್ಮಗಳತ್ತ ತಿರುಗಿದರು.

“ಡೋಂಟ್ ಯು ಫೀಲ್ ಸ್ಯಾಡ್, ಈಟಿಂಗ್ ಅಲೋನ್?”

ಕೇಳಿದ ಮೇಲೆಯೇ ಸುಪ್ರೀತಾಗೆ ತಾನು ಇಂಗ್ಲಿಷ್‌ನಲ್ಲಿ ಕೇಳಿದ್ದು ಅರಿವಾದದ್ದು. ಉತ್ತರ ಏನು ಬರಬಹುದೆಂಬ ಒಂದೇ ಕಳವಳ ಅವಳಿಗಿತ್ತು. ಟೀಚರ ಕಣ್ಣು ತುಂಬಿತ್ತು. ಕೆಲವೊಮ್ಮೆ ಬೇಸರವಾಗುತ್ತದೆ, ಇವತ್ತಿಲ್ಲ, ಎಂದರು. ತನಗೆ ಮಾತು ಬರಲೆಂದು ಇವರು ತಮ್ಮ ಸಂಕಟವನ್ನೂ ಬಿಚ್ಚಿಟ್ಟರಲ್ಲ ಎಂದು ಅವಳು ಅವರನ್ನೇ ನೋಡುತ್ತ ಕೂತಳು.

“ಉಂಡ್ಕಂಡೇ ಹೋಯ್ಕ್ ಅಂದ್ ಹೇಳ್,” ಎಂದು ಅಜ್ಜಿ ಎದ್ದರು. ಊಟದ ನಡುವೆ ಟೀಚರ್ ಮೈಮರೆತು, “ಅಜ್ಜಿ, ಇನ್ನೊಂಚೂರ್ ಗಸಿ ಹಾಕಿ,” ಎಂದುಬಿಟ್ಟರು. ಅಜ್ಜಿ ಸೌಟು ಹಿಡಿದು ಹಾಗೇ ನಿಂತವರು, ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕದ್ದೇ ನಕ್ಕದ್ದು.

ಮಳೆಗಾಲ ಕಳೆದು ಬ್ರಹ್ಮಾವರದ ಆಸ್ಪತ್ರೆಯೊಂದರಲ್ಲಿ ಸಂದರ್ಶನವಿತ್ತು. ಮಾತ್ರೆ ಬೇಡವೆಂದು ಹಟ ಹಿಡಿದ ಮುದುಕಿಯನ್ನು ಹೇಗೆ ಒಪ್ಪಿಸುತ್ತೀರಿ ಎಂದು ವೈದ್ಯರು ಕೇಳಿದರು. ಮೊದಲು ಅವರ ಪಕ್ಕ ಕೂರುತ್ತೇನೆ, ಊಟ ಮಾಡಿದಿರಾ ಎಂದು ಕೇಳುತ್ತೇನೆ ಎಂದು ಸುಪ್ರೀತಾ ಇಂಗ್ಲಿಷ್‌ನಲ್ಲೇ ಶುರುಮಾಡಿದಳು. ನಡುವೆ ಒಂದು ಕಡೆ ಎಡವಿದಳು, ಸರಿಮಾಡಿಕೊಂಡಳು, ಮುಂದುವರಿದಳು. ಕೆಲಸ ಸಿಕ್ಕಿತು.

ಬಸ್‌ಸ್ಟ್ಯಾಂಡಿನಿಂದಲೇ ಟೀಚರಿಗೆ ಫೋನ್ ಮಾಡಿ ನಡೆದದ್ದೆಲ್ಲವನ್ನೂ ಇಂಗ್ಲಿಷ್‌ನಲ್ಲಿ ಹೇಳತೊಡಗಿದಳು. ಟೀಚರ್ ಎಲ್ಲಿಯೂ ತಿದ್ದಲಿಲ್ಲ, ಹ್ಞೂಂ, ಹ್ಞೂಂ ಎನ್ನುತ್ತ ಕೇಳಿಸಿಕೊಂಡರು. ಬೈಂದೂರಿನ ಬಸ್ಸು ಬಂದು ನಿಂತು ಹೊರಟುಹೋಯಿತು. ಸುಪ್ರೀತಾ ಮಾತಾಡುತ್ತಲೇ ಇದ್ದಳು.